ನೆಲಮಾಳಿಗೆಯ ಕಿಂಡಿ

ಲಂಡನ್ನಿಗೆ ಆಗ್ನೇಯದಲ್ಲಿ, ಆ ಕಾಲಕ್ಕೆ ಇನ್ನೂ ಕೆಂಟ್ ಪ್ರಾಂತದ ಒಂದು ಸಣ್ಣ ಊರಾಗಿದ್ದ ಬ್ರೋಮ್ಲಿಯ ಪೇಟೆಬೀದಿಯಲ್ಲಿ, ಪಿಂಗಾಣಿ ಬಟ್ಟಲುಗಳನ್ನೂ ಗಾಜಿನ ಸಾಮಾನುಗಳನ್ನೂ, ಅವುಗಳ ಪಕ್ಕದಲ್ಲಿಯೇ ಕ್ರಿಕೆಟ್ ಆಟದ ಬ್ಯಾಟು ಚೆಂಡುಗಳನ್ನೂ ಇಟ್ಟುಕೊಂಡು ಮಾರುತ್ತಿದ್ದ ಒಂದು ಅಂಗಡಿಯಿತ್ತು. ಅದರ ಕಿಟಕಿಯಲ್ಲಿ, ಭೂಮಂಡಲಕ್ಕೆ ಬದಲಾಗಿ ದೀಪವೊಂದನ್ನು ಹೊತ್ತು ನಿಂತ ಅಟ್ಲಾಸನ ಪ್ರತಿಮೆಯಿದ್ದುದರಿಂದ ಮನೆಗೆ ಅಟ್ಲಾಸ್ ಹೌಸ್ ಎಂಬ ದೊಡ್ಡ ಹೆಸರು ಬಂದಿತ್ತು. ಹೆಸರಿಗೆ ತಕ್ಕ ಮನೆಯಲ್ಲ ಅದು. ಮುಂದೆ ಅಂಗಡಿ, ಹಿಂದೆ ಇಕ್ಕಟ್ಟಾದ ಒಂದು ಕೋಣೆ, ಮೇಲೆ ಮಲಗುವ ಕೋಣೆಗಳು, ಅಡುಗೆಮನೆಯೋ ನೆಲದೊಳಗೆ. ಆ ಅಡುಗೆಮನೆಗೆ ಹಗಲಿನ ಬೆಳಕು ಇಳಿದು ಬರುತ್ತಿದ್ದುದು ಬೀದಿಯ ಮಟ್ಟದಲ್ಲಿ ಕಬ್ಬಿಣದ ಜಾಲರಿ ಹಾಸಿದ್ದ ಒಂದು ಕಿಂಡಿಯಿಂದ. ಕೆಳಗೆ ಕುಳಿತ ಮಗುವಿಗೆ ಮೇಲೆ ನಡೆದುಹೋಗುವವರ ಮುಖಗಳು ಕಾಣುತ್ತಿರಲಿಲ್ಲ. ಅವರ ಪಾದರಕ್ಷೆಗಳು ಮಾತ್ರ ಕಾಣುತ್ತಿದ್ದುವು. ಆ ಮಗುವೇ ಮುಂದೆ ಎಚ್. ಜಿ. ವೆಲ್ಸ್ ಎಂದು ಲೋಕಪ್ರಸಿದ್ಧನಾದ ಹರ್ಬರ್ಟ್ ಜಾರ್ಜ್ ವೆಲ್ಸ್. ಬೆಳೆದು ದೊಡ್ಡವನಾದ ಮೇಲೆ, ಬಡವರ ಕಾಲಿನ ಬೂಟುಗಳ ಸಂಕಟವನ್ನೇ ವಸ್ತುವನ್ನಾಗಿ ಮಾಡಿಕೊಂಡು ಅವನು ಸಮಾಜವಾದದ ಪರವಾಗಿ ಒಂದು ಕಿರುಹೊತ್ತಗೆಯನ್ನು ಬರೆದನು. ಅದರ ಬೀಜ ಬಿದ್ದುದು ಆ ಜಾಲರಿಯ ಕೆಳಗೆ.

ವೆಲ್ಸನನ್ನು ವೈಜ್ಞಾನಿಕ ಕಾದಂಬರಿಗಳ ಜನಕನೆಂದೋ, ಟ್ಯಾಂಕು, ವಿಮಾನಯುದ್ಧ, ಪರಮಾಣು ಬಾಂಬುಗಳನ್ನು ಮುಂಚಿತವಾಗಿ ಕಂಡ ದೈವಜ್ಞನೆಂದೋ ಹೊಗಳುವುದು ರೂಢಿಯಾಗಿದೆ. ಆ ಹೊಗಳಿಕೆ ಅಪಾತ್ರವಾದುದಲ್ಲ. ಆದರೆ ಯಂತ್ರಗಳನ್ನು ಊಹಿಸಿದವರು ಅವನಿಗಿಂತ ಮೊದಲೂ ಇದ್ದರು. ಫ್ರಾನ್ಸ್ ದೇಶದ ಜೂಲ್ಸ್ ವರ್ನ್ ಅಂಥವರಲ್ಲಿ ಅಗ್ರಗಣ್ಯನು. ವೆಲ್ಸನಲ್ಲಿ ವಿಶಿಷ್ಟವಾದುದು ಬೇರೆ: ಭವಿಷ್ಯವನ್ನು ಅವನು ಕೆಳಗಿನಿಂದ ನೋಡಿದನು. ಯಂತ್ರವೊಂದು ಬಂದಿತೆಂದರೆ ಅದು ಯಾರ ಹೆಗಲ ಮೇಲೆ ಕೂರುತ್ತದೆ, ಯಾರನ್ನು ನೆಲದೊಳಕ್ಕೆ ತಳ್ಳುತ್ತದೆ ಎಂಬುದನ್ನು ಕೇಳದೆ ಅವನ ಕಲ್ಪನೆ ಒಂದು ಹೆಜ್ಜೆಯನ್ನೂ ಮುಂದಿಡುತ್ತಿರಲಿಲ್ಲ. ಅವನ ಜೀವನದ ಪೂರ್ವಾರ್ಧವನ್ನು ನಿಧಾನವಾಗಿ ನೋಡಿದವರಿಗೆ ಈ ಪ್ರಶ್ನೆ ಅವನಿಗೆ ಎಲ್ಲಿಂದ ಬಂದಿತೆಂಬುದು ತಾನಾಗಿಯೇ ತಿಳಿಯುತ್ತದೆ.

ಅವನು ಹುಟ್ಟಿದುದು 1866ನೆಯ ಇಸವಿ ಸೆಪ್ಟೆಂಬರ್ 21ರಂದು. ತಂದೆ ಜೋಸೆಫ್ ವೆಲ್ಸ್ ಮೊದಲು ತೋಟಗಾರನಾಗಿದ್ದವನು. ಅಂಗಡಿ ಕೈಹತ್ತದೆ ಹೋದರೂ ಕ್ರಿಕೆಟ್ಟಿನಲ್ಲಿ ಗಟ್ಟಿಗ. 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸಿನೆದುರು ಆಡುವಾಗ ಅನುಕ್ರಮವಾದ ನಾಲ್ಕು ಎಸೆತಗಳಲ್ಲಿ ನಾಲ್ವರನ್ನು ಔಟು ಮಾಡಿದವನು ಅವನು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಆ ಸಾಧನೆ ಅದೇ ಮೊದಲು. ಆಟದಿಂದ ಬರುತ್ತಿದ್ದ ಅಷ್ಟಿಷ್ಟು ಹಣವೇ ಮನೆಗೆ ಊರುಗೋಲು. ತಾಯಿ ಸಾರಾ, ಸಸೆಕ್ಸಿನ ಅಪ್‌ಪಾರ್ಕ್ ಎಂಬ ಶ್ರೀಮಂತರ ಸೌಧದಲ್ಲಿ ಒಡತಿಯ ಸೇವಕಿಯಾಗಿದ್ದು, ಅದೇ ಸೌಧದ ತೋಟಗಾರನ ಕೈಹಿಡಿದವಳು. ದೈವಭಕ್ತೆ, ಮರ್ಯಾದೆಗೆ ಅಂಜುವವಳು, ಬಡತನವನ್ನು ನೆರೆಯವರಿಗೆ ತೋರಗೊಡದೆ ಬಾಳುವ ಪ್ರಯತ್ನದಲ್ಲಿಯೇ ಸವೆದವಳು.

1874ರಲ್ಲಿ, ಹುಡುಗನಿಗೆ ಏಳು ತುಂಬಿ ಎಂಟು ನಡೆಯುತ್ತಿದ್ದಾಗ, ಅವನ ಕಾಲು ಮುರಿಯಿತು. ವಾರಗಟ್ಟಲೆ ಮಲಗಿದ್ದ ಮಗನಿಗೆ ತಂದೆ ಊರಿನ ವಾಚನಾಲಯದಿಂದ ಪುಸ್ತಕಗಳನ್ನು ತಂದು ಕೊಡತೊಡಗಿದನು. ಪ್ರಾಣಿಗಳ ಪುಸ್ತಕ, ದೂರದೇಶಗಳ ಪುಸ್ತಕ, ನಕ್ಷತ್ರಗಳ ಪುಸ್ತಕ. ಆ ಮುರಿದ ಕಾಲು ತನ್ನ ಬಾಳಿನ ಅತ್ಯಂತ ದೊಡ್ಡ ಅದೃಷ್ಟಗಳಲ್ಲಿ ಒಂದು ಎಂದು ವೆಲ್ಸನು ಕಡೆಯವರೆಗೂ ನಂಬಿದ್ದನು. ಮೂರು ವರ್ಷಗಳ ತರುವಾಯ ತಂದೆಯ ಕಾಲೂ ಮುರಿಯಿತು, ಅದು ಅದೃಷ್ಟವಾಗಲಿಲ್ಲ. ಕ್ರಿಕೆಟ್ಟು ನಿಂತಿತು, ಅದರೊಡನೆ ಆದಾಯವೂ ನಿಂತಿತು. 1880ರಲ್ಲಿ ಅಪ್‌ಪಾರ್ಕಿನಿಂದ ಸಾರಾಳಿಗೆ ಕರೆ ಬಂದಿತು. ಈ ಸಲ ಸೌಧದ ಗೃಹಕೃತ್ಯದ ಮೇಲ್ವಿಚಾರಣೆಗೆ. ಗಂಡನನ್ನು ಅಂಗಡಿಯಲ್ಲಿ ಬಿಟ್ಟು ಅವಳು ಹೊರಟುಹೋದಳು.

ಈ ಅಪ್‌ಪಾರ್ಕಿನ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಸೌಧದ ಹಿಂದಿನ ಒಡೆಯ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ ಎಂಬಾತನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ತನ್ನ ಹಾಲುಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಮದುವೆಯಾಗಿ, ಅವಳನ್ನು ಅರಮನೆಯ ಒಡತಿಯನ್ನಾಗಿ ಮಾಡಿದ್ದನು. ಸಾರಾಳನ್ನು ಮರಳಿ ಕರೆದವಳು ಆ ಹುಡುಗಿಯ ತಂಗಿ. ಹೀಗೆ ಕೆಳಗಿನವರು ಮೇಲಕ್ಕೇರಿದ ಕಥೆಯೊಂದು ಆ ಮನೆಯ ಗೋಡೆಗಳಲ್ಲಿಯೇ ಇದ್ದಿತು. ಆದರೆ ಮನೆಯ ರಚನೆ ಬೇರೆಯೇ ಕಥೆಯನ್ನು ಹೇಳುತ್ತಿತ್ತು. ಬೆಟ್ಟದ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೂ ಹಸುರು ಹಾಸಿಕೊಂಡು ನಿಂತ ಆ ಸೌಧದ ಸೌಂದರ್ಯಕ್ಕೆ ಆಳುಕಾಳುಗಳ ಓಡಾಟದಿಂದ ಕುಂದು ಬರಬಾರದೆಂದು, ಅಡುಗೆಮನೆ, ಲಾಯ ಮೊದಲಾದ ಹೊರಕಟ್ಟಡಗಳಿಗೂ ಸೌಧಕ್ಕೂ ನಡುವೆ ನೆಲದಡಿಯಲ್ಲಿ ಸುರಂಗಗಳನ್ನು ತೋಡಿದ್ದರು. ಬೇಯಿಸಿದ ಅನ್ನ ಆ ಸುರಂಗದಲ್ಲಿ ಬರುತ್ತಿತ್ತು; ತಿಂದುಳಿದ ತಟ್ಟೆಗಳು ಆ ಸುರಂಗದಲ್ಲಿಯೇ ಹಿಂದಿರುಗುತ್ತಿದ್ದುವು. ಅವುಗಳಿಗೆ ಗಾಳಿ ಬೆಳಕು ಬರಲೆಂದು ಅಲ್ಲಲ್ಲಿ ಮೇಲಕ್ಕೆ ಬಾವಿಯ ಬಾಯಿಯಂತೆ ತೆರೆದ ಕೂಪಗಳಿದ್ದುವು. ಹುಲ್ಲಿನ ಮೇಲೆ ನಡೆಯುವ ಅತಿಥಿಗೆ ತನ್ನ ಕಾಲ ಕೆಳಗೆ ಮನುಷ್ಯರು ನಡೆಯುತ್ತಿರುವರೆಂಬುದು ತಿಳಿಯುತ್ತಲೇ ಇರಲಿಲ್ಲ.

ತಾಯಿಯನ್ನು ನೋಡಲು ಬಂದಾಗಲೆಲ್ಲ ಹುಡುಗ ವೆಲ್ಸನು ಇಳಿದುಕೊಳ್ಳುತ್ತಿದ್ದುದು ಆ ಸೌಧದ ಕೆಳಗಣ ಲೋಕದಲ್ಲಿ. ಹಿಂದಿನ ಒಡೆಯರು ಬಿಟ್ಟುಹೋಗಿದ್ದ ಪುಸ್ತಕಗಳು ಅವನ ಕೈಗೆ ಸಿಕ್ಕಿದುವು. ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥವನ್ನೂ ಸ್ವಿಫ್ಟನ ‘ಗಲಿವರನ ಪ್ರವಾಸ’ವನ್ನೂ ಅವನು ಓದಿದುದು ಅಲ್ಲಿ. ಅಟ್ಟದ ಮೂಲೆಯೊಂದರಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಹಿತ್ತಾಳೆಯ ಕೊಳವೆಗಳನ್ನೂ ಕನ್ನಡಿಗಳನ್ನೂ ಒಂದಕ್ಕೊಂದು ಕೂಡಿಸಿ ನೋಡಿದಾಗ ಅದೊಂದು ದೂರದರ್ಶಕವೆಂದು ಗೊತ್ತಾಯಿತು. ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ ಕಿಟಕಿಯನ್ನು ತೆರೆದು, ಚಳಿಯಲ್ಲಿ ನಡುಗುತ್ತ, ಚಂದ್ರನ ಗುಳಿಗಳನ್ನು ನೋಡುತ್ತ ನಿಂತಿದ್ದ ಮಗನನ್ನು ಸಾರಾ ಕಂಡುಹಿಡಿದಳು. ಇಪ್ಪತ್ತು ವರ್ಷಗಳ ಮೇಲೆ ‘ಚಂದ್ರಲೋಕದ ಮೊದಲ ಮನುಷ್ಯರು’ ಎಂಬ ಕಾದಂಬರಿ ಬರೆದವನಿಗೆ ಚಂದ್ರನ ಪ್ರಥಮ ಪರಿಚಯವಾದುದು ಈ ಪರಿಯಲ್ಲಿ.

ತಾಯಿಗೆ ಮಗನ ವಿಷಯದಲ್ಲಿದ್ದ ಮಹದಾಶೆಯೆಂದರೆ ಅವನು ಜವಳಿ ಅಂಗಡಿಯಲ್ಲಿ ಗೌರವಸ್ಥನಾದ ಗುಮಾಸ್ತನಾಗಬೇಕೆಂಬುದು. 1881ರಲ್ಲಿ, ಹಣ ಕಟ್ಟಿ, ನಾಲ್ಕು ವರ್ಷಗಳ ಕರಾರು ಬರೆದು, ಸೌತ್‌ಸೀ ಎಂಬ ಕಡಲತೀರದ ಊರಿನ ಜವಳಿ ಅಂಗಡಿಯೊಂದಕ್ಕೆ ಅವನನ್ನು ಸೇರಿಸಿದಳು. ದಿನಕ್ಕೆ ಹದಿಮೂರು ಗಂಟೆಗಳ ದುಡಿಮೆ. ಉಳಿದ ಹುಡುಗರೊಡನೆ ಒಂದೇ ಕೋಣೆಯಲ್ಲಿ ಮಲಗುವುದು. ಬಟ್ಟೆ ಮಡಿಸುವುದು, ಸುತ್ತುವುದು, ಮತ್ತೆ ಬಿಚ್ಚುವುದು. ಎರಡು ವರ್ಷ ತಡೆದುಕೊಂಡನು. 1883ರ ಒಂದು ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಹೊರಟು, ಹದಿನೇಳು ಮೈಲಿ ನಡೆದು, ಚರ್ಚಿನಿಂದ ಆಳುಗಳೊಡನೆ ಹಿಂದಿರುಗುತ್ತಿದ್ದ ತಾಯಿಯ ಮುಂದೆ ನಿಂತನು. ಇನ್ನು ಆ ಅಂಗಡಿಯಲ್ಲಿ ಇರುವುದಕ್ಕಿಂತ ಸಾಯುವುದು ಲೇಸೆಂದು ಹದಿನಾರರ ಮಗ ಹೇಳಿದ ಮಾತು ಹೆದರಿಕೆಯ ಮಾತಾಗಿರಲಿಲ್ಲವೆಂದು ತಾಯಿಗೆ ಅರ್ಥವಾಗಿರಬೇಕು. ಕರಾರು ಮುರಿಯಿತು. ಮಿಡ್‌ಹರ್ಸ್ಟ್ ಊರಿನ ಶಾಲೆಯ ಮುಖ್ಯೋಪಾಧ್ಯಾಯ ಹೊರೇಸ್ ಬಯಟ್, ಹುಡುಗನ ಬುದ್ಧಿಯನ್ನು ಹಿಂದೆಯೇ ಕಂಡಿದ್ದವನು, ಕಲಿಯುತ್ತ ಕಲಿಸುವ ಸಹಾಯಕನನ್ನಾಗಿ ಅವನನ್ನು ಕರೆದುಕೊಂಡನು. ಒಂದೇ ವರ್ಷದಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ, ವಾರಕ್ಕೆ ಒಂದು ಗಿನ್ನಿಯ ವಿದ್ಯಾರ್ಥಿವೇತನ ಸಂಪಾದಿಸಿ, 1884ರಲ್ಲಿ ವೆಲ್ಸನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನಶಾಲೆಯ ಮೆಟ್ಟಿಲೇರಿದನು.

ಅಲ್ಲಿ ಅವನಿಗೆ ಜೀವಶಾಸ್ತ್ರ ಬೋಧಿಸಿದವನು ಟಿ. ಎಚ್. ಹಕ್ಸ್‌ಲಿ, ಡಾರ್ವಿನ್ನನ ಮತವನ್ನು ಜಗತ್ತಿನ ಮುಂದೆ ಎದೆಗೊಟ್ಟು ಸಮರ್ಥಿಸಿದ ಮಹಾಪಂಡಿತ. ಒಂದು ವರ್ಷದ ಆ ಪಾಠ ವೆಲ್ಸನ ಮನಸ್ಸನ್ನು ಕಡೆದು ರೂಪಿಸಿತು. ವಿಕಾಸವೆಂಬುದು ಮೇಲ್ಮುಖವಾದ ಏಣಿಯಲ್ಲ, ಪರಿಸರ ಬದಲಾದರೆ ಜೀವಿಗಳು ಉನ್ನತಿಗೇರುವಂತೆಯೇ ಅವನತಿಗೂ ಇಳಿಯಬಲ್ಲವು, ಪ್ರಕೃತಿಯ ಕ್ರಮಕ್ಕೂ ಮನುಷ್ಯನ ನೀತಿಗೂ ಸಹಜವಾದ ಸ್ನೇಹವೇನೂ ಇಲ್ಲ ಎಂಬ ಗಂಭೀರವಾದ ತಿಳಿವು ಹಕ್ಸ್‌ಲಿಯದು. ಆ ಶತಮಾನದ ಇಂಗ್ಲೆಂಡು ಪ್ರಗತಿಯನ್ನು ಪ್ರಕೃತಿನಿಯಮವೆಂದು ನೆಚ್ಚಿ ಸುಖವಾಗಿದ್ದಾಗ, ಈ ಶಿಷ್ಯನು ಆ ನೆಚ್ಚಿಕೆಯನ್ನು ಕಳೆದುಕೊಂಡು ಹೊರಗೆ ಬಂದನು.

ಪದವಿಯಿಲ್ಲದೆಯೇ ಹೊರಗೆ ಬಂದನೆಂಬುದನ್ನೂ ಹೇಳಬೇಕು. ಹಕ್ಸ್‌ಲಿಯ ಬಳಿಕದ ಪಾಠಗಳು ಅವನಿಗೆ ಹಿಡಿಸಲಿಲ್ಲ. ವೇಲ್ಸ್ ನಾಡಿನ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ಕಾಲ್ಚೆಂಡಾಟದಲ್ಲಿ ಬಿದ್ದ ಏಟಿಗೆ ಮೂತ್ರಪಿಂಡ ಜಜ್ಜಿತು. ಮೇಲಿಂದ ಮೇಲೆ ಬಾಯಲ್ಲಿ ರಕ್ತ ಬರತೊಡಗಿತು. 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿಯನ್ನು ಕೊನೆಗೂ ಗಳಿಸಿದನಾದರೂ, 1893ರಲ್ಲಿ ಮತ್ತೆ ರಕ್ತ ಕಾರಿ ಹಾಸಿಗೆ ಹಿಡಿದಾಗ ನಿಂತು ಪಾಠ ಹೇಳುವ ವೃತ್ತಿಯೇ ಅಸಾಧ್ಯವಾಯಿತು. ಕುಳಿತು ಮಾಡಬಹುದಾದ ಕೆಲಸ ಬರೆವಣಿಗೆಯೊಂದೇ. ಜೆ. ಎಂ. ಬ್ಯಾರಿಯ ಕಾದಂಬರಿಯೊಂದನ್ನು ಓದುವಾಗ ಅವನಿಗೆ ಒಂದು ಗುಟ್ಟು ಸಿಕ್ಕಿತು: ಪತ್ರಿಕೆಗಳಿಗೆ ಬರೆಯುವವನು ಮಹಾವಿಷಯಗಳನ್ನು ಹುಡುಕಬೇಕಾಗಿಲ್ಲ, ಕೈಯಳತೆಯಲ್ಲಿರುವ ಸಾಮಾನ್ಯ ವಸ್ತುಗಳನ್ನು ಕುರಿತು ಬರೆದರೆ ಸಾಕು. ಬರೆದನು, ಅಚ್ಚಾಯಿತು, ಹಣ ಬಂದಿತು.

ಆ ವೇಳೆಗೆ ಅವನ ಸಂಸಾರವೂ ಒಡೆದಿತ್ತು. ಸೋದರಸಂಬಂಧಿ ಇಸಾಬೆಲ್ಲಳೊಡನೆ ಆದ ಮದುವೆ ಮೂರು ವರ್ಷವೂ ನಿಲ್ಲದೆ, ತನ್ನ ವಿದ್ಯಾರ್ಥಿನಿಯಾಗಿದ್ದ ಏಮಿ ಕ್ಯಾಥರೀನಳೊಡನೆ ಅವನು ಹೊರಟುಬಂದಿದ್ದನು. 1895ರಲ್ಲಿ ಅವಳನ್ನು ಮದುವೆಯಾದನು, ಜೇನ್ ಎಂದು ಕರೆದನು. 1894ರ ಬೇಸಗೆಯಲ್ಲಿ ಇಬ್ಬರೂ ಸೆವೆನ್‌ಓಕ್ಸ್ ಎಂಬ ಊರಿನಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದರು. ಆಗಸ್ಟಿನ ಒಂದು ಸೆಕೆಯ ರಾತ್ರಿ, ಕಿಟಕಿ ತೆರೆದಿದೆ, ದೀಪಕ್ಕೆ ಪತಂಗಗಳು ಮುತ್ತುತ್ತಿವೆ, ಈ ಬಾಡಿಗೆದಾರ ಹೊತ್ತುಮೀರಿದರೂ ದೀಪ ಆರಿಸದೆ ಎಣ್ಣೆ ಸುಡುತ್ತಾನೆಂದು ಹೊರಗೆ ಮನೆಯೊಡತಿ ನೆರೆಯಾಕೆಯೊಡನೆ ಕೇಳುವಂತೆ ಗೊಣಗುತ್ತಿದ್ದಾಳೆ. ಒಳಗೆ, ಆ ದೀಪದ ಬೆಳಕಿನಲ್ಲಿ, ಇಪ್ಪತ್ತೇಳು ವರ್ಷದ ರೋಗಿಯೊಬ್ಬನು ಕ್ರಿಸ್ತಶಕ 8,02,701ನೆಯ ವರ್ಷದ ಕಥೆಯನ್ನು ಬರೆಯುತ್ತಿದ್ದಾನೆ. ಡಬ್ಲ್ಯೂ. ಇ. ಹೆನ್ಲಿಯ ಪತ್ರಿಕೆ ನೂರು ಪೌಂಡು ಕೊಟ್ಟು ಅದನ್ನು ಧಾರಾವಾಹಿಯಾಗಿ ಅಚ್ಚು ಹಾಕಿತು. 1895ರಲ್ಲಿ ಪುಸ್ತಕವಾಗಿ ಬಂದ ಅದೇ ‘ದಿ ಟೈಮ್ ಮೆಷೀನ್’. ಇಂದು ಯಾವ ಭಾಷೆಯವನಾದರೂ ಕಾಲಯಂತ್ರವೆಂಬ ಮಾತನ್ನು ಆಡಿದರೆ ಅವನು ವೆಲ್ಸನಿಗೆ ಋಣಿ.

ಕಾಲಯಂತ್ರವನ್ನು ಏರಿ ಹೋದ ಪ್ರವಾಸಿಗೆ ಮೊದಲು ಕಂಡದ್ದು ನಂದನವನ. ಎಲಾಯ್ ಎಂಬ ಜನ: ಪುಟ್ಟ ದೇಹ, ಹಾಲ್ದುಟಿಯ ಮಕ್ಕಳಂಥ ಮುಖ, ಹೂವು, ಹಣ್ಣು, ಹಾಡು, ದುಡಿಮೆಯೆಂಬುದೇ ಇಲ್ಲ. ಆದರೆ ಹುಲ್ಲುಗಾವಲಿನ ನಡುವೆ ಅಲ್ಲಲ್ಲಿ ಬಾವಿಗಳು. ಬಗ್ಗಿ ಕಿವಿಗೊಟ್ಟರೆ ಪಾತಾಳದಲ್ಲೆಲ್ಲೋ ಯಂತ್ರಗಳು ಧಿಂ ಧಿಂ ಎನ್ನುವ ಸದ್ದು. ಆ ಬಾವಿಗಳೊಳಗೆ ಮಾರ್ಲಾಕ್ ಎಂಬ ಇನ್ನೊಂದು ಕುಲ, ಬೆಳಕನ್ನು ತಾಳಲಾರದ ಬಿಳಿಚಿದ ಜೀವಿಗಳು, ತಮ್ಮ ಯಂತ್ರಗಳೊಡನೆ ವಾಸವಾಗಿವೆ. ಮೇಲಿನವರಿಗೆ ಬಟ್ಟೆಬರೆಯನ್ನು ಒದಗಿಸುವವರು ಅವರೇ, ಅಮಾವಾಸ್ಯೆಯ ಕತ್ತಲಲ್ಲಿ ಮೇಲೇರಿ ಬಂದು ಅವರನ್ನು ಹಿಡಿದು ತಿನ್ನುವವರೂ ಅವರೇ. ಒಂದಾನೊಂದು ಕಾಲದಲ್ಲಿ ಒಡೆಯರೂ ಆಳುಗಳೂ ಆಗಿದ್ದ ಒಂದೇ ಮನುಷ್ಯಕುಲ, ಲಕ್ಷಾಂತರ ವರ್ಷಗಳ ಅಗಲಿಕೆಯಿಂದ ಎರಡು ಪ್ರಾಣಿಜಾತಿಗಳಾಗಿ ಸೀಳಿಹೋಗಿದೆ. ಹಕ್ಸ್‌ಲಿಯ ಜೀವಶಾಸ್ತ್ರವೂ ಅಪ್‌ಪಾರ್ಕಿನ ಸುರಂಗವೂ ಇಲ್ಲಿ ಒಂದಾಗಿವೆ. ಬೀದಿಯ ಜಾಲರಿಯ ಕೆಳಗೆ ಕುಳಿತು ಬೂಟುಗಳನ್ನು ನೋಡಿದವನಲ್ಲದೆ ಬೇರೊಬ್ಬನು ಈ ಕಥೆಯನ್ನು ಬರೆಯಲಾರನೆಂದು ನನಗೆ ತೋರುತ್ತದೆ. ಅದಕ್ಕೂ ಮುಂದೆ, ಮೂರು ಕೋಟಿ ವರ್ಷಗಳಾಚೆ, ಪ್ರವಾಸಿಯು ತಣ್ಣಗಾದ ಕಡಲತೀರವೊಂದರಲ್ಲಿ ಆರಿಹೋಗುತ್ತಿರುವ ಕೆಂಪು ಸೂರ್ಯನ ಮುಂದೆ ಒಬ್ಬಂಟಿಯಾಗಿ ನಿಲ್ಲುವ ಪ್ರಕರಣವಿದೆ. ಇಂಗ್ಲಿಷ್ ಗದ್ಯದಲ್ಲಿ ಅಂಥ ನಿಶ್ಶಬ್ದವನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ತರುವಾಯದ ಆರು ವರ್ಷಗಳಲ್ಲಿ ಬಂದುವು ಉಳಿದ ಶ್ರೇಷ್ಠ ಕೃತಿಗಳು: 1896ರಲ್ಲಿ ಡಾಕ್ಟರ್ ಮೊರೋವಿನ ದ್ವೀಪದ ಕಥೆ, 1897ರಲ್ಲಿ ‘ಅದೃಶ್ಯ ಮಾನವ’, 1898ರಲ್ಲಿ ‘ಲೋಕಗಳ ಸಮರ’, 1901ರಲ್ಲಿ ಚಂದ್ರಲೋಕದ ಕಥೆ. ಇವುಗಳ ಶಿಲ್ಪದ ಗುಟ್ಟು ಸರಳವಾದುದು. ಅಸಂಭವವಾದ ಸಂಗತಿ ಒಂದನ್ನು ಮಾತ್ರ ಒಪ್ಪಿಕೊಳ್ಳಿರೆಂದು ವೆಲ್ಸನು ಓದುಗನನ್ನು ಬೇಡುತ್ತಾನೆ; ಅದೊಂದನ್ನು ಬಿಟ್ಟರೆ ಮಿಕ್ಕುದೆಲ್ಲ ನಾವು ದಿನವೂ ಕಾಣುವ ಲೋಕ. ಅದೃಶ್ಯನಾಗುವ ಶಕ್ತಿಯನ್ನು ಗಳಿಸಿದ ಗ್ರಿಫಿನ್ನನು ಅದರಿಂದ ಪಟ್ಟ ಸುಖವೇನು? ದೇಹ ಕಾಣುವುದಿಲ್ಲ, ತೊಟ್ಟ ಬಟ್ಟೆ ಕಾಣುತ್ತದೆ. ಆದ್ದರಿಂದ ಲಂಡನ್ನಿನ ಚಳಿಗಾಲದಲ್ಲಿ ಬತ್ತಲೆಯಾಗಿ ಅಲೆಯಬೇಕು. ಉಂಡ ಅನ್ನ ಜೀರ್ಣವಾಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಕೆಸರು ಮೆತ್ತಿದ ಅಡಿ ಹೆಜ್ಜೆಗುರುತು ಬಿಡುತ್ತದೆ. ನಾಯಿಗಳು ಮೂಸಿ ಹಿಡಿಯುತ್ತವೆ. ಈ ಗ್ರಿಫಿನ್ನನನ್ನು ತಂದು ಇಳಿಸಿದುದು ಮಿಡ್‌ಹರ್ಸ್ಟಿನ ಸಮೀಪದ ಐಪಿಂಗ್ ಎಂಬ ನಿಜವಾದ ಹಳ್ಳಿಯಲ್ಲಿ, ಹೆಂಡದಂಗಡಿಯ ಒಡತಿಯ ಬಾಡಿಗೆಯ ಲೆಕ್ಕದ ನಡುವೆ.

‘ಲೋಕಗಳ ಸಮರ’ ಹುಟ್ಟಿದುದು ಅಣ್ಣ ಫ್ರಾಂಕನ ಒಂದು ಮಾತಿನಿಂದ. ಸರ್ರೆ ಪ್ರಾಂತದ ಪ್ರಶಾಂತವಾದ ಬಯಲಿನಲ್ಲಿ ನಡೆದಾಡುತ್ತಿದ್ದಾಗ, ಟಾಸ್ಮೇನಿಯದ ಮೂಲನಿವಾಸಿಗಳ ಮೇಲೆ ಐರೋಪ್ಯರು ಬಂದು ಬಿದ್ದಂತೆ ಆಕಾಶದಿಂದ ಯಾರಾದರೂ ಬಂದು ನಮ್ಮ ಮೇಲೆ ಬಿದ್ದರೆ ಏನಾದೀತು ಎಂಬ ಅರ್ಥದ ಮಾತನ್ನು ಅವನು ಆಡಿದನು. ಪುಸ್ತಕವನ್ನು ವೆಲ್ಸನು ಅವನಿಗೇ ಅರ್ಪಿಸಿದನು. ಆಗ ವೋಕಿಂಗ್ ಊರಿನಲ್ಲಿ ವಾಸವಾಗಿದ್ದ ವೆಲ್ಸನು ಬೈಸಿಕಲ್ ಕಲಿತು, ಸುತ್ತಣ ಹಳ್ಳಿಗಳನ್ನೆಲ್ಲ ತಿರುಗಿ, ಮಂಗಳ ಗ್ರಹದವರು ಯಾವ ಬಯಲಿನಲ್ಲಿ ಇಳಿಯಬೇಕು, ಯಾವ ಬೀದಿಯನ್ನು ಸುಡಬೇಕು ಎಂಬುದನ್ನು ಗುರುತು ಹಾಕಿಕೊಂಡು ಬರುತ್ತಿದ್ದನು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವ ಮೆರೆದ 1897ರಲ್ಲಿಯೇ ಈ ಕಥೆ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತೆಂಬುದನ್ನು ನೆನೆಯಬೇಕು. ಸಾಮ್ರಾಜ್ಯದ ರಾಜಧಾನಿಯ ಪ್ರಜೆಗಳು ಗಂಟುಮೂಟೆ ಹೊತ್ತು ನಿರಾಶ್ರಿತರಾಗಿ ಓಡುವುದನ್ನು, ಆ ಸಾಮ್ರಾಜ್ಯದ ವೈಭವದ ತುತ್ತತುದಿಯಲ್ಲಿ, ಅದರದೇ ಪ್ರಜೆಯೊಬ್ಬನು ಚಿತ್ರಿಸಿದನು. ಕಡೆಗೆ ಆ ಆಕ್ರಮಣಕಾರರನ್ನು ಕೊಲ್ಲುವುದು ಬ್ರಿಟಿಷ್ ಫಿರಂಗಿಯಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಪರರಾಳ್ವಿಕೆಯ ಕೆಳಗಿದ್ದ ನಮ್ಮಂಥ ದೇಶದವರಿಗೆ ಈ ಕಥೆಯ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹೊಸ ಶತಮಾನದೊಡನೆ ಹಣವೂ ಕೀರ್ತಿಯೂ ಬಂದುವು. ಸ್ಯಾಂಡ್‌ಗೇಟಿನ ಕಡಲತೀರದಲ್ಲಿ ಸ್ವಂತ ಮನೆ ಕಟ್ಟಿಸಿದನು. ‘ಕಿಪ್ಸ್’ ಮತ್ತು ‘ಮಿಸ್ಟರ್ ಪಾಲಿ’ ಕಾದಂಬರಿಗಳಲ್ಲಿ ತನ್ನ ಜವಳಿ ಅಂಗಡಿಯ ದಿನಗಳನ್ನು ಬರೆದನು. ‘ಟೋನೊ ಬಂಗೆ’ಯಲ್ಲಿ ಅಪ್‌ಪಾರ್ಕ್ ಬೇರೆ ಹೆಸರು ತೊಟ್ಟು ಬರುತ್ತದೆ. ಸಮಾಜವಾದಿಗಳ ಫೇಬಿಯನ್ ಸಂಘವನ್ನು ಸೇರಿ, ಬರ್ನಾರ್ಡ್ ಷಾ ಮೊದಲಾದವರೊಡನೆ ಸೆಣಸಿ, ಸೋತು, ಹೊರಬಂದನು. ಮೊದಲ ಮಹಾಯುದ್ಧದ ಬಳಿಕ, ರಾಜರ ಚರಿತ್ರೆಯಲ್ಲ, ಮಾನವಕುಲದ ಚರಿತ್ರೆಯೊಂದನ್ನು ಒಟ್ಟಾಗಿ ಬರೆಯಬೇಕೆಂದು ಹೊರಟು ‘ಔಟ್‌ಲೈನ್ ಆಫ್ ಹಿಸ್ಟರಿ’ಯನ್ನು ರಚಿಸಿದನು. ಸೆರೆಮನೆಯಿಂದ ಮಗಳಿಗೆ ಜಗತ್ತಿನ ಕಥೆಯನ್ನು ಪತ್ರಗಳಲ್ಲಿ ಬರೆದ ಜವಾಹರಲಾಲ್ ನೆಹರೂ ನೆಚ್ಚಿಕೊಂಡ ಪುಸ್ತಕಗಳಲ್ಲಿ ಅದೂ ಒಂದು.

ಅವನ ದೋಷಗಳನ್ನು ಮುಚ್ಚುವುದು ನ್ಯಾಯವಲ್ಲ. 1901ರಲ್ಲಿ ಬರೆದ ‘ಆಂಟಿಸಿಪೇಷನ್ಸ್’ ಎಂಬ ಗ್ರಂಥದಲ್ಲಿ, ಭವಿಷ್ಯದ ದಕ್ಷ ರಾಜ್ಯಕ್ಕೆ ಹೊಂದಿಕೊಳ್ಳಲಾರದ ಬಿಳಿಯರಲ್ಲದ ಜನಾಂಗಗಳ ವಿಷಯದಲ್ಲಿ ಅವನು ಆಡಿದ ಮಾತು ಕ್ರೂರವಾದುದು. ಮುಂದೆ ಅವನ ನಿಲುವು ಬದಲಾಯಿತಾದರೂ ಬರೆದದ್ದು ಬರೆದಂತೆಯೇ ಉಳಿದಿದೆ. ಕೆಳಗಿನಿಂದ ನೋಡುವ ಕಣ್ಣು ಮೇಲೇರಿದ ಒಡನೆ ಮಂಜಾದದ್ದಕ್ಕೆ ಆ ಪುಟಗಳೇ ಸಾಕ್ಷಿ. ವೈಯಕ್ತಿಕ ಜೀವನದಲ್ಲಿ ಜೇನಳ ಸಹನೆಯ ಮೇಲೆ ಅವನು ಹೊರಿಸಿದ ಭಾರವೂ ಸಣ್ಣದಲ್ಲ; ಲೇಖಕಿ ರೆಬೆಕಾ ವೆಸ್ಟ್ ಮೊದಲಾದವರೊಡನೆ ಅವನಿಗಿದ್ದ ಸಂಬಂಧಗಳು ಲೋಕಕ್ಕೆಲ್ಲ ತಿಳಿದಿದ್ದುವು.

1914ರ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿ ಕಲೆಯ ದೃಷ್ಟಿಯಿಂದ ಮೇಲ್ಮಟ್ಟದ್ದಲ್ಲ. ಆದರೆ ಫ್ರೆಡರಿಕ್ ಸಾಡಿಯ ರೇಡಿಯಂ ಗ್ರಂಥವನ್ನು ಓದಿ ವೆಲ್ಸನು ಅದರಲ್ಲಿ ಪರಮಾಣು ಬಾಂಬುಗಳನ್ನು ಹೆಸರಿಟ್ಟು ಕರೆದನು, ಅವು ನಗರಗಳನ್ನು ಸುಡುವುದನ್ನು ಬರೆದನು. ಪರಮಾಣುಶಕ್ತಿಯ ಬೀಗ ತೆರೆಯುವ ಸಂಶೋಧನೆಗೆ ಕಥೆಯಲ್ಲಿ ಅವನು ಕೊಟ್ಟ ವರ್ಷ 1933. ಹಂಗೇರಿಯ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಈ ಕಾದಂಬರಿಯನ್ನು 1932ರಲ್ಲಿ ಓದಿದನು. ಮರುವರ್ಷ, ಹೌದು 1933ರಲ್ಲಿಯೇ, ಲಂಡನ್ನಿನ ಸೌತಾಂಪ್ಟನ್ ರೋ ಎಂಬ ಬೀದಿಯನ್ನು ದಾಟುವಾಗ ನ್ಯೂಟ್ರಾನುಗಳ ಸರಪಣಿ ಕ್ರಿಯೆಯ ಕಲ್ಪನೆ ಅವನಿಗೆ ಹೊಳೆಯಿತು. ಅದು ಹೊಳೆದಾಗ, ವೆಲ್ಸನನ್ನು ಓದಿದ್ದುದರಿಂದ, ಅದರ ಪರಿಣಾಮವೇನೆಂಬುದೂ ತನಗೆ ಗೊತ್ತಿತ್ತೆಂದು ಜಿಲಾರ್ಡನೇ ಹೇಳಿಕೊಂಡಿದ್ದಾನೆ. ಹಿರೋಷಿಮ ಸುಟ್ಟ ಸುದ್ದಿಯನ್ನು ಕೇಳುವವರೆಗೆ ವೆಲ್ಸನು ಬದುಕಿದ್ದನು.

ಎರಡನೆಯ ಮಹಾಯುದ್ಧದ ಆರಂಭದಲ್ಲಿಯೇ, ಈ ಯುದ್ಧ ಯಾವುದಕ್ಕಾಗಿ ಎಂದು ಕೇಳಿ, ಮಾನವನ ಹಕ್ಕುಗಳ ಕರಡೊಂದನ್ನು ಸಿದ್ಧಪಡಿಸಿ ಅವನು ಲೋಕದ ಮುಂದಿಟ್ಟನು. ಗಾಂಧೀಜಿಯವರ ಅಭಿಪ್ರಾಯವನ್ನೂ ಕೇಳಿದನು. ಹಕ್ಕುಗಳಿಂದಲ್ಲ, ಮನುಷ್ಯನ ಕರ್ತವ್ಯಗಳ ಸನ್ನದಿನಿಂದ ಪ್ರಾರಂಭಿಸಿರೆಂದು ಅವರು ಉತ್ತರ ಕೊಟ್ಟರು. ಇಬ್ಬರ ಮಾತೂ ಗೌರವಾರ್ಹವೇ. ಆದರೂ ಜವಳಿ ಅಂಗಡಿಯ ಕರಾರಿಗೆ ಎಳೆಯ ಪ್ರಾಯದಲ್ಲಿ ಕಟ್ಟುಬಿದ್ದಿದ್ದವನಿಗೆ ಹಕ್ಕೆಂಬ ಮಾತು ಮೊದಲು ಬಾಯಿಗೆ ಬಂದುದರಲ್ಲಿ ನನಗೆ ಆಶ್ಚರ್ಯವಿಲ್ಲ. ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿಯೂ ಲಂಡನ್ನನ್ನು ಬಿಡದೆ, ರೀಜೆಂಟ್ಸ್ ಪಾರ್ಕಿನ ಬಳಿಯ ಮನೆಯಲ್ಲಿ 1946ರ ಆಗಸ್ಟ್ 13ರಂದು ಅವನು ತೀರಿಕೊಂಡನು. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದುದು ಅದಾಗಿ ಎರಡು ವರ್ಷಗಳ ಮೇಲೆ.

ಅಪ್‌ಪಾರ್ಕ್ ಸೌಧಕ್ಕೆ 1989ರ ಆಗಸ್ಟಿನಲ್ಲಿ, ಮಾಡಿನ ದುರಸ್ತಿ ನಡೆಯುತ್ತಿದ್ದಾಗ, ಬೆಂಕಿ ಬಿದ್ದು ಮೇಲಣ ಅಂತಸ್ತುಗಳು ಸುಟ್ಟುಹೋದುವು. ಅದನ್ನು ಮತ್ತೆ ಮೊದಲಿನಂತೆ ಕಟ್ಟಿ 1995ರಲ್ಲಿ ಜನರಿಗೆ ತೆರೆದರು. ಅದು ಕಾಲಯಂತ್ರದ ಕಥೆ ಹೊರಬಂದ ನೂರನೆಯ ವರ್ಷ. ನೋಡಲು ಬರುವವರು ಇಂದು ಒಡೆಯರ ದಿವಾನಖಾನೆಗಳನ್ನು ಸುತ್ತಿದ ಮೇಲೆ ಕೆಳಗಿಳಿದು, ಸಾರಾ ವೆಲ್ಸ್ ಹದಿಮೂರು ವರ್ಷ ಮೇಲ್ವಿಚಾರಕಿಯಾಗಿದ್ದ ಆ ನೆಲಮಾಳಿಗೆಯನ್ನೂ ನೋಡಿ ಹೋಗುತ್ತಾರೆ.